ಸಂಜೆ ಏಳರ ಮಿಕ್ಸ್: ಒಂದು ಡೆಮೊ ಕಟ್ಟಿದ ಕೆಲಸದ ಟಿಪ್ಪಣಿ

ಜನ ಬಂದು ಕೂರುವ ಜಾಗಗಳಲ್ಲಿ ಒಂದು ಹಾಡಿಗೆ ಇನ್ನೊಂದನ್ನು ಬೆಸೆದು ಹಾಕುವ ಡಿಜೆ ನಾನು, ಇನ್ನೂ ಹೊಸಬ. ಕೆಲಸ ಕೇಳುವಾಗ ಕಳಿಸುವ ಮಾದರಿ ಮಿಕ್ಸ್‌ಗೆ ಡೆಮೊ ಅನ್ನುತ್ತಾರೆ. ಮೊದಲು ಹಳೇ ಡೆಮೊ ಬಗ್ಗೆ ಹೇಳಿಬಿಡುತ್ತೇನೆ. 62 ನಿಮಿಷ, 27 ಹಾಡು. ಹಾಡು ಬದಲಾದಾಗಲೆಲ್ಲ ಏನಾದರೂ ಒಂದು ಕೈಚಳಕ. ಇಲ್ಲೊಂದು ಎಕೋ, ಅಲ್ಲೊಂದು ಲೂಪ್, ನಡುವೆ ಸ್ಕ್ರ್ಯಾಚ್. ಎರಡು ತಿಂಗಳು ರಾತ್ರಿ ಕೂತು ಮಾಡಿದ್ದು. ಬೆಂಗಳೂರಿನ 14 ಜಾಗಗಳಿಗೆ ಲಿಂಕ್ ಕಳಿಸಿದೆ. ತಿಂಗಳು ಕಳೆದ ಮೇಲೆ ನೋಡಿದರೆ ಮೂರೇ ಸಲ ಪ್ಲೇ ಆಗಿತ್ತು. ಉತ್ತರ ಒಂದೂ ಬರಲಿಲ್ಲ.

ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ಒಬ್ಬರಿದ್ದಾರೆ. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಅವರ ಮನೆಗೆ ಹೋಗಿ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಮಿಕ್ಸಿಂಗ್ ಚೆನ್ನಾಗಿದೆ ಕಣೋ. ಆದ್ರೆ ಇದನ್ನ ಎಷ್ಟು ಗಂಟೆಗೆ ಹಾಕೋದು?"

"ಅಂದ್ರೆ, ಅಣ್ಣ?"

"ಇದು ರಾತ್ರಿ ಹನ್ನೆರಡರ ಮಿಕ್ಸು. ಹೊಸಬನಿಗೆ ಆ ಹೊತ್ತು ಯಾರು ಕೊಡ್ತಾರೆ? ನಿಂಗೆ ಸಿಗೋದು ಸಂಜೆ ಏಳು. ಜನ ಈಗ ತಾನೇ ಬಂದು ಕೂತಿರ್ತಾರೆ, ತಿನ್ನೋಕೆ ಏನಿದೆ ಅಂತ ನೋಡ್ತಿರ್ತಾರೆ. ಆಗ ನೀನು ಏನ್ ಹಾಕ್ತೀಯ? ಅದು ಇದ್ರಲ್ಲಿ ಎಲ್ಲಿದೆ?"

ಎಲ್ಲೂ ಇರಲಿಲ್ಲ. ವಾಪಸ್ ಬಂದು ಹಳೇ ಲಿಂಕ್ ತೆಗೆದುಹಾಕಿದೆ. ಹೊಸದಕ್ಕೆ ಒಂದೇ ಕಟ್ಟುಪಾಡು ಹಾಕಿಕೊಂಡೆ. ಒಂದು ಜಾಗ, ಒಂದು ಹೊತ್ತು. ಅದಕ್ಕೆ ಹೊಂದದ ಹಾಡು ಎಷ್ಟೇ ಇಷ್ಟವಾದರೂ ಬೇಡ.

ಜಾಗ ನೋಡಿದ್ದು

ಇಂದಿರಾನಗರದ ಒಂದು ಚಿಕ್ಕ ಜಾಗ ಆರಿಸಿಕೊಂಡೆ. ಅರವತ್ತು ಎಪ್ಪತ್ತು ಜನ ಕೂರಬಹುದು. ವಿಜಯನಗರದ ನನ್ನ ರೂಮಿನಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ನೇರ ಹೋಗಬಹುದು. ಸತತ ಮೂರು ಬುಧವಾರ ಹೋದೆ. ಒಂದು ಫ್ರೆಶ್ ಲೈಮ್ ಸೋಡಾ ತಗೊಂಡು ಮೂಲೆಯಲ್ಲಿ ಕೂತೆ. ಫೋನಿನಲ್ಲಿ ಟ್ಯಾಪ್ ಟೆಂಪೊ ಆ್ಯಪ್ ಇತ್ತು. ಬೀಟ್‌ಗೆ ಸರಿಯಾಗಿ ಬೆರಳು ಬಡಿಯುತ್ತಾ ಹೋದರೆ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನೋದು, ಗೊತ್ತಾಗುತ್ತದೆ.

ಏಳಕ್ಕೆ ಒಳಗೆ ಹತ್ತು ಹನ್ನೆರಡು ಜನ. ಆಗ ಹಾಡುಗಳು 104ರಿಂದ 108. ಎಂಟೂವರೆಗೆ ಮೇಜುಗಳೆಲ್ಲ ತುಂಬಿ 116ಕ್ಕೆ ಬಂದಿತ್ತು. ಹತ್ತು ಗಂಟೆಗೆ ನಡುವಿನ ಎರಡು ಮೇಜು ಪಕ್ಕಕ್ಕೆ ಸರಿಸಿದರು, 122 ದಾಟಿತು. ಮೂರು ವಾರವೂ ಹೆಚ್ಚು ಕಡಿಮೆ ಹೀಗೇ.

ಲೆಕ್ಕಕ್ಕಿಂತ ಜಾಸ್ತಿ ಉಪಯೋಗವಾಗಿದ್ದು ಸುಮ್ನೆ ಕೂತು ನೋಡಿದ್ದು. ಏಳರಿಂದ ಎಂಟರವರೆಗೆ ಗಟ್ಟಿ ದನಿಯ ಹಾಡು ಬಂದರೆ ಎದುರು ಬದುರು ಕೂತವರು ಮುಂದೆ ಬಾಗಿ ಮಾತಾಡುತ್ತಾರೆ. ಹಾಡು ಮುಗಿದರೆ ಮತ್ತೆ ಹಿಂದಕ್ಕೆ ಒರಗುತ್ತಾರೆ. ಅಂದರೆ ಆ ಹೊತ್ತಿಗೆ ಹಾಡುವ ದನಿ ಕಡಿಮೆ ಇರಬೇಕು. ಗೋಡೆಯೆಲ್ಲ ಗಾಜು, ನೆಲ ಗ್ರಾನೈಟ್. ಹೈ ಹ್ಯಾಟ್, ಅಂದರೆ ಡ್ರಮ್ಸ್‌ನ ಚಿಕ್ಕ ಕಂಚಿನ ತಾಳ, ಚೂಪಾಗಿದ್ದರೆ ಕಿವಿಗೆ ಚುಚ್ಚುತ್ತದೆ. ಅಲ್ಲಿ ಪ್ಲೇ ಮಾಡುತ್ತಿದ್ದವರು ಮೊದಲ ಗಂಟೆ ಹೈ ನಾಬ್ (ಚೂಪು ದನಿ ಏರಿಸಿ ಇಳಿಸುವ ತಿರುಗುಣಿ) ಅನ್ನು ನಡುಗೆರೆಯಿಂದ ಸ್ವಲ್ಪ ಕೆಳಗೇ ಇಟ್ಟಿದ್ದು ಕಣ್ಣಿಗೆ ಬಿತ್ತು. ಅದನ್ನೂ ಬರೆದುಕೊಂಡೆ.

ಹಾಡು ಸೋಸಿದ್ದು

ಉದ್ದ 45 ನಿಮಿಷ ಅಂತ ಗೊತ್ತು ಮಾಡಿದೆ. ಇದಕ್ಕೆ ಕಾರಣ ಅಪ್ಪ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಅವರು ಚಿಕ್ಕವರಿದ್ದಾಗ ಹಾಳೆಯಲ್ಲಿ ಹಾಡುಗಳ ಪಟ್ಟಿ ಬರೆದು ಕ್ಯಾಸೆಟ್ ಅಂಗಡಿಗೆ ಕೊಡುತ್ತಿದ್ದರಂತೆ. ಅಂಗಡಿಯವರು ಅದೇ ಕ್ರಮದಲ್ಲಿ ತುಂಬಿಸಿಕೊಡುತ್ತಿದ್ದರು. 90ರ ಕ್ಯಾಸೆಟ್ ಆದರೆ ಒಂದು ಬದಿಗೆ 45 ನಿಮಿಷ. ಬದಿ ಮುಗಿಯುವಾಗ ಹಾಡು ತುಂಡಾಗಬಾರದು ಅಂತ ಅಪ್ಪ ಹಾಡಿನ ನಿಮಿಷಗಳನ್ನು ಕೂಡಿಸಿ ಪಕ್ಕದಲ್ಲಿ ಬರೆಯುತ್ತಿದ್ದರು. ಆ ಪಟ್ಟಿಗಳಲ್ಲಿ ಎರಡು ಇನ್ನೂ ಬೀರುವಿನಲ್ಲಿವೆ. ಯಾವ ಹಾಡಿನ ಹಿಂದೆ ಯಾವ ಹಾಡು ಅಂತ ಅವರು ಎಷ್ಟು ಯೋಚಿಸಿದ್ದಾರೆ ಅಂತ ಹೊಡೆದುಹಾಕಿ ತಿದ್ದಿದ ಗೆರೆಗಳೇ ಹೇಳುತ್ತವೆ. ನಾನೂ ಲ್ಯಾಪ್‌ಟಾಪ್ ಮುಚ್ಚಿ ಹಾಳೆಯಲ್ಲೇ ಬರೆದೆ.

ಕೈಯಲ್ಲಿದ್ದದ್ದು ಸುಮಾರು ನೂರು ಹಾಡು. ಮೊದಲು ಸ್ಪೆಕ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದೊಂದನ್ನೇ ತೆರೆದು ನೋಡಿದೆ. ಅದು ಫೈಲಿನೊಳಗೆ ಯಾವ ಎತ್ತರದ ದನಿಯವರೆಗೆ ಮಾಹಿತಿ ಇದೆ ಅಂತ ಚಿತ್ರ ಬರೆದು ತೋರಿಸುತ್ತದೆ. ನಿಜವಾದ 320 ಕೆಬಿಪಿಎಸ್‌ನ (ಸೆಕೆಂಡಿಗೆ ಎಷ್ಟು ಮಾಹಿತಿ ಅನ್ನೋ ಲೆಕ್ಕ, ಹೆಚ್ಚಿದ್ದಷ್ಟೂ ಒಳ್ಳೇದು) ಎಂಪಿ3 ಆದರೆ ಬಣ್ಣ ಸುಮಾರು 20 ಕಿಲೋಹರ್ಟ್ಸ್ ಹತ್ತಿರದವರೆಗೆ ಹೋಗುತ್ತದೆ. ಎಲ್ಲಿಂದಲೋ ಇಳಿಸಿಕೊಂಡ 128ರ ಫೈಲನ್ನು 320 ಅಂತ ಮತ್ತೆ ಸೇವ್ ಮಾಡಿದ್ದರೆ 16ರ ಹತ್ತಿರ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ನನ್ನ ನೂರರಲ್ಲಿ 31 ಹೀಗಿದ್ದವು. ಫೋನಿನಲ್ಲಿ ಕೇಳಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ದೊಡ್ಡ ಸ್ಪೀಕರ್‌ನಲ್ಲಿ, ಒಳ್ಳೇ ಫೈಲಿನ ಪಕ್ಕದಲ್ಲಿ, ಮಂಕಾಗಿ ಕೇಳುತ್ತದೆ. 31ನ್ನೂ ಅಳಿಸಿದೆ. ಅದರಲ್ಲಿ ಬೇಕೇ ಬೇಕು ಅನಿಸಿದ ನಾಲ್ಕನ್ನು ಬ್ಯಾಂಡ್‌ಕ್ಯಾಂಪ್‌ನಲ್ಲಿ ದುಡ್ಡು ಕೊಟ್ಟು ತಗೊಂಡೆ. ಅಲ್ಲಿ ದನಿಯ ಮಾಹಿತಿ ಕಳೆದುಕೊಳ್ಳದ ವೇವ್ ಅಥವಾ ಫ್ಲ್ಯಾಕ್ ಫೈಲೇ ಸಿಗುತ್ತದೆ. ಹಾಡು ಮಾಡಿದವರಿಗೂ ದುಡ್ಡು ಹೋಗುತ್ತದೆ.

ಸ್ಟ್ರೀಮಿಂಗ್‌ನಿಂದ ಮೂರು ಹಾಡು ಸೇರಿಸಿಕೊಳ್ಳೋಣ ಅಂತಲೂ ಇತ್ತು. ಡಿಜೆ ಸಾಫ್ಟ್‌ವೇರ್‌ಗೆ ಸ್ಟ್ರೀಮಿಂಗ್ ಹಾಡು ಹಾಕಿದರೆ ರೆಕಾರ್ಡ್ ಬಟನ್ ಕೆಲಸ ಮಾಡುವುದಿಲ್ಲ. ಹಕ್ಕಿನ ಕಾರಣಕ್ಕೆ ಹಾಗೆ ಮಾಡಿದ್ದಾರೆ. ಡೆಮೊ ಮಾಡಲು ಹೊರಟವರು ಇದನ್ನು ಮೊದಲೇ ತಿಳಿದುಕೊಂಡರೆ ಒಂದು ರಾತ್ರಿ ಉಳಿಯುತ್ತದೆ.

ಉಳಿದದ್ದನ್ನು ಹಾಳೆಯಲ್ಲಿ ಜೋಡಿಸಿದೆ. 108ರಿಂದ ಶುರು, 118ಕ್ಕೆ ಮುಗಿಯಬೇಕು. ಹನ್ನೊಂದು ಹಾಡು. ಒಂದೊಂದು ಬದಲಾವಣೆಗೆ ಒಂದು ಬಿಪಿಎಂ ಏರಿಸಿದರೆ ಕೇಳುವವರಿಗೆ ಏರಿದ್ದೇ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕ್ಯಾಮೆಲಾಟ್ ನಂಬರ್ ಬರೆದೆ. ಇದು ಶ್ರುತಿಯನ್ನು ಗಡಿಯಾರದ ಹಾಗೆ ಒಂದರಿಂದ ಹನ್ನೆರಡರವರೆಗೆ ಜೋಡಿಸಿದ ಕ್ರಮ. ಎ ಅಂದರೆ ಮೈನರ್, ಬಿ ಅಂದರೆ ಮೇಜರ್. 8ಎ ಆದಮೇಲೆ 7ಎ, 9ಎ ಅಥವಾ 8ಬಿ ಹಾಕಿದರೆ ಎರಡು ಹಾಡು ಒಟ್ಟಿಗೆ ಓಡುವಾಗ ಶ್ರುತಿ ಒಡೆಯುವುದಿಲ್ಲ. ಇದೇನು ಮುರಿಯಬಾರದ ಕಾನೂನಲ್ಲ. ಬರೀ ತಾಳವಾದ್ಯ ಇರುವ ಕಡೆ ಬದಲಾಯಿಸಿದರೆ ನಂಬರ್ ನೋಡುವ ಅಗತ್ಯವೇ ಇಲ್ಲ.

ಡೊಳ್ಳು

ಹಾಳೆಯಲ್ಲಿ ಐದನೇ ಜಾಗ ಖಾಲಿ ಇತ್ತು. ಅಲ್ಲಿ ನಮ್ಮ ಕಡೆಯ ಡೊಳ್ಳು ಬರಬೇಕು ಅಂತ ಆಸೆ. ಅಲಂಕಾರಕ್ಕೆ ಅಲ್ಲ. ನಾನು ಜೀವನದಲ್ಲಿ ಮೊದಲು ಮೈಯೊಳಗೆ ಕೇಳಿದ ಬಾಸ್ ಅದು. ಎದೆಗೂಡು ನಡುಗುತ್ತದೆ, ಅಲ್ವಾ?

ನಮ್ಮೂರ ಹತ್ತಿರದ ಒಂದು ತಂಡ ಅಭ್ಯಾಸ ಮಾಡುವಾಗ ಹೋದೆ. ತಂಡದ ಹಿರಿಯರಿಗೆ ಏನು ಮಾಡುತ್ತೇನೆ ಅಂತ ಮೊದಲೇ ಹೇಳಿದೆ.

"ತಗೊಂಡೋಗು ಮಾರಾಯ. ಆದ್ರೆ ನಮ್ಮ ತಂಡದ ಹೆಸರು ಹಾಕ್ಬೇಕು. ಮತ್ತೆ ದೇವರ ಪದ ಇರೋ ಭಾಗ ಬೇಡ, ಬರೀ ಡೊಳ್ಳಿಂದು ತಗೋ."

ಎರಡನ್ನೂ ಹಾಗೇ ಪಾಲಿಸಿದೆ. ಡೊಳ್ಳು ಬೀರೇಶ್ವರನ ಪೂಜೆಯ ಜೊತೆ ಬೆಳೆದ ಕಲೆ. ಜನ ಕುಡಿಯುತ್ತಾ ಕೂರುವ ಜಾಗಕ್ಕೆ ಪೂಜೆಯ ಪದ ಒಯ್ಯುವುದು ಸರಿಯಲ್ಲ ಅಂತ ನನಗೂ ಅನಿಸಿತು.

ಮೊದಲ ರೆಕಾರ್ಡಿಂಗ್ ಫೋನಿನಲ್ಲಿ ಮಾಡಿದೆ. ಪೂರ್ತಿ ಹಾಳು. ಹತ್ತು ಡೊಳ್ಳು ಒಟ್ಟಿಗೆ ಬಿದ್ದಾಗ ಫೋನ್ ತಾನೇ ದನಿ ಕುಗ್ಗಿಸುತ್ತದೆ, ನಡುವಿನ ಮೌನದಲ್ಲಿ ಏರಿಸುತ್ತದೆ. ದನಿ ಉಬ್ಬುತ್ತಾ ಕುಗ್ಗುತ್ತಾ ಇತ್ತು. ಎರಡನೇ ಸಲ ಗೆಳೆಯನ ಹತ್ತಿರ ಕೈಯಲ್ಲಿ ಹಿಡಿಯುವ ರೆಕಾರ್ಡರ್ ಇಸ್ಕೊಂಡು ಹೋದೆ. ಇಪ್ಪತ್ತು ಅಡಿ ದೂರ, ಒಂದು ಕಂಬದ ಪಕ್ಕ ಇಟ್ಟೆ. ಅತಿ ಜೋರಿನ ಹೊಡೆತಕ್ಕೆ ಮೀಟರ್ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಮಟ್ಟ ಇಳಿಸಿದೆ. ಈ ಸಲ ಕೋಲಿನ ಏಟು ಬೇರೆ, ಕೈಯ ಏಟು ಬೇರೆ ಅಂತ ಬಿಡಿಸಿ ಕೇಳಿತು.

ಇನ್ನೊಂದು ಕಷ್ಟ ಲಯದ್ದು. ತಂಡ ನಿಮಿಷಕ್ಕೆ 110 ಏಟಿಗೆ ಶುರು ಮಾಡಿ, ಹುರುಪು ಏರಿದ ಹಾಗೆ ಒಂದೂವರೆ ನಿಮಿಷದಲ್ಲಿ 119ಕ್ಕೆ ಹೋಗಿತ್ತು. ಕುಣಿಯುವವರಿಗೆ ಅದೇ ಸರಿ. ಆದರೆ ಮೆಷಿನ್‌ನಲ್ಲಿ ಮಾಡಿದ ಹಾಡು ಕೂದಲೆಳೆಯಷ್ಟೂ ಅಲುಗದು. ಎರಡನ್ನೂ ಒಟ್ಟಿಗೆ ಓಡಿಸಿದರೆ ಹತ್ತೇ ಸೆಕೆಂಡಿಗೆ ಕುದುರೆ ಓಡಿದ ಹಾಗೆ ಕೇಳುತ್ತದೆ. ಸಾಫ್ಟ್‌ವೇರ್‌ನಲ್ಲಿ ಪೂರ್ತಿ ತುಣುಕನ್ನು ಎಳೆದು ಸಮ ಮಾಡಿದೆ. ಏಟಿನ ಮೊನೆಯೇ ಹೋಯಿತು, ದಿಂಬಿಗೆ ಹೊಡೆದ ಹಾಗಾಯಿತು.

ಕೆಲಸ ಮಾಡಿದ್ದು ಹಳೇ ದಾರಿ. ಆಡಾಸಿಟಿ ಅನ್ನೋ ದನಿ ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ತೆರೆದು, ತಂಡ ಐದನೇ ಹಾಡಿನ ವೇಗವಾದ 112ರ ಆಸುಪಾಸಿನಲ್ಲಿ ಇದ್ದ ಭಾಗ ಹುಡುಕಿದೆ. ಅಲ್ಲಿ ಎಂಟೆಂಟು ಬೀಟಿನ ತುಣುಕುಗಳನ್ನು ಕತ್ತರಿಸಿದೆ. 112ಕ್ಕೆ ಎಂಟು ಬೀಟ್ ಅಂದರೆ 4.29 ಸೆಕೆಂಡ್. ಪ್ರತಿ ತುಣುಕಿನ ಮೊದಲ ಏಟು ಮಾತ್ರ ಸರಿಯಾಗಿ ಹಾಡಿನ ಮೊದಲ ಬೀಟಿನ ಮೇಲೆ ಕೂರಿಸಿದೆ. ಒಳಗಿನ ಏಟುಗಳನ್ನು ಮುಟ್ಟಲಿಲ್ಲ. ಅವು ಕೂದಲೆಳೆ ಹಿಂದೆ ಮುಂದೆ ಇರುವುದೇ ಡೊಳ್ಳಿನ ಜೀವ. ಒಂದೇ ತುಣುಕನ್ನು ಲೂಪ್ ಮಾಡಿದರೆ ಮೂರನೇ ಸುತ್ತಿಗೆ ಬೇಜಾರಾಗುತ್ತದೆ. ಅದಕ್ಕೆ ಆರು ಬೇರೆ ಬೇರೆ ತುಣುಕು ಸಾಲಾಗಿ ಜೋಡಿಸಿದೆ.

ಆಮೇಲೂ ತಳ ಕಲಸಿದ ಹಾಗಿತ್ತು. ಹಾಡಿನ ಕಿಕ್ ಡ್ರಮ್ಮಿಗೂ ಡೊಳ್ಳಿಗೂ ಒಂದೇ ಜಾಗದಲ್ಲಿ ಜಗಳ. ಡೊಳ್ಳಿನ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಹಾಡಿನ ಮೇಲೆ ತಂದೆ. ನಂತರ ಹಾಡಿನ ದನಿ ಪೂರ್ತಿ ಕೆಳಗಿಳಿಸಿ, ಕತ್ತರಿಸದ ಡೊಳ್ಳನ್ನು ಎಂಟು ಬಾರ್ (ನಾಲ್ಕು ಬೀಟಿಗೆ ಒಂದು ಬಾರ್) ಒಂಟಿಯಾಗಿ ಬಿಟ್ಟೆ. ಸುಮಾರು 17 ಸೆಕೆಂಡ್. ಇಡೀ ಮಿಕ್ಸ್‌ನಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದು.

ರೆಕಾರ್ಡಿಂಗ್

ಕಂಪ್ಯೂಟರ್‌ನಲ್ಲಿ ತೇಪೆ ಹಾಕದೆ ಒಂದೇ ಉಸಿರಿನಲ್ಲಿ ರೆಕಾರ್ಡ್ ಮಾಡಬೇಕು ಅಂತ ಇದ್ದೆ. ಕರೆದರೆ ಅಲ್ಲಿ ನಿಂತು ಇದನ್ನೇ ಮಾಡಿ ತೋರಿಸಬೇಕಲ್ಲ. ಡೊಳ್ಳಿನ ತುಣುಕು ಮಾತ್ರ ಮೊದಲೇ ಸಿದ್ಧ ಮಾಡಿದ್ದು. ಒಟ್ಟು ಆರು ಸಲ ಆಯಿತು.

ಮೊದಲ ಸಲ ಮೀಟರಿನಲ್ಲಿ ಕೆಂಪು ದೀಪ, ಅಂದರೆ ದನಿ ಮಿತಿ ಮೀರಿತ್ತು. ಉತ್ಸಾಹದಲ್ಲಿ ದನಿ ಏರಿಸುವ ಫೇಡರ್ ಪೂರ್ತಿ ಮೇಲೆ, ಗೇನ್ ಕೂಡ ಮೇಲೆ. ಎರಡು ಹಾಡು ಒಟ್ಟಿಗೆ ಓಡುವಾಗ ದನಿ ಒಡೆದಿತ್ತು. ಒಡೆದ ದನಿಯನ್ನು ಆಮೇಲೆ ಸರಿ ಮಾಡಲು ಆಗುವುದಿಲ್ಲ. ಎರಡನೇ ಸಲದಿಂದ ಮೀಟರ್ ಮೈನಸ್ 6ರ ಹತ್ತಿರವೇ ಇರುವ ಹಾಗೆ ನೋಡಿಕೊಂಡೆ.

ಮೂರನೇ ಸಲ ಎರಡನೇ ಹಾಡಿನಿಂದ ಮೂರನೆಯದಕ್ಕೆ ಹೋಗುವಾಗ ಕೇಳಲಾಗದಷ್ಟು ಅಪಸ್ವರ. ಹಾಳೆಯಲ್ಲಿ ಎರಡೂ 4ಎ. ಗಂಟೆಗಟ್ಟಲೆ ತಲೆ ಕೆಡಿಸಿಕೊಂಡೆ. ಎರಡನೇ ಹಾಡಿನ ಮೂಲ ವೇಗ 103. ನಾನು ಅದನ್ನು 109ಕ್ಕೆ ಎಳೆದಿದ್ದೆ. ಅಂದರೆ ಸುಮಾರು ಶೇಕಡ 6. ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿಯುವ ಕೀ ಲಾಕ್ ಆಫ್ ಇತ್ತು. ವೇಗ ಶೇಕಡ 6 ಏರಿದರೆ ಶ್ರುತಿ ಹೆಚ್ಚು ಕಡಿಮೆ ಅರ್ಧ ಸ್ವರ ಮೇಲೆ ಹೋಗುತ್ತದೆ. 4ಎ ಇದ್ದದ್ದು ಕಿವಿಗೆ 11ಎ ಆಗಿತ್ತು. ಗಡಿಯಾರದಲ್ಲಿ ಅವೆರಡೂ ಎಷ್ಟು ದೂರ ನೋಡಿ. ಕೀ ಲಾಕ್ ಆನ್ ಮಾಡಿದರೆ ಶ್ರುತಿ ಸರಿಹೋಯಿತು, ಆದರೆ ಆ ಹಾಡಿನ ಗಿಟಾರ್ ತಂತಿ ನಡುಗಿದ ಹಾಗೆ ಕೇಳಿತು. ಅದಕ್ಕೇ ಲಾಕ್ ಆಫ್ ಬಿಟ್ಟು, ಮೂರನೇ ಹಾಡನ್ನೇ ತೆಗೆದು 10ಎ ಇರುವ ಬೇರೊಂದು ಹಾಕಿದೆ. ಮೊದಲಿನದಕ್ಕಿಂತ ಚೆನ್ನಾಗಿ ಕೂತಿತು.

ನಾಲ್ಕು, ಐದು ಕೈತಪ್ಪಿನಿಂದ ಹೋದವು. ಆರನೆಯದು ಭಾನುವಾರ ಬೆಳಿಗ್ಗೆ ಆರೂವರೆಗೆ, ಕಾಫಿ ಕುಡಿದು. ಒಂದು ಕಡೆ ಬೀಟ್ ಅರೆಕ್ಷಣ ಜಾರಿದೆ. ಕೈಯಲ್ಲೇ ಸರಿ ಮಾಡಿದ್ದೇನೆ. ಅದನ್ನು ಹಾಗೇ ಬಿಟ್ಟೆ.

ವೇವ್ ಫೈಲ್ 476 ಎಂಬಿ ಬಂತು. ತುದಿಗಳ ಮೌನ ಕತ್ತರಿಸಿ, ಒಟ್ಟು ಮಟ್ಟ ಏರಿಸಿ, ತುತ್ತತುದಿ ಮೈನಸ್ 1 ಡೆಸಿಬೆಲ್‌ಗೆ ನಿಲ್ಲಿಸಿದೆ. ಸೊನ್ನೆಗೇ ತಂದರೆ ಎಂಪಿ3 ಮಾಡುವಾಗ ಒಡೆಯುವ ಸಾಧ್ಯತೆ ಇರುತ್ತದೆ. 320ರ ಎಂಪಿ3 108 ಎಂಬಿ ಆಯಿತು. ಆಮೇಲೆ ಇಯರ್‌ಫೋನ್, ಗೆಳೆಯನ ಕಾರು, ಫೋನಿನ ಸ್ಪೀಕರ್, ಮೂರರಲ್ಲೂ ಕೇಳಿದೆ. ಫೋನಿನ ಸ್ಪೀಕರ್‌ನಲ್ಲಿ ಮೊದಲ 35 ಸೆಕೆಂಡ್ ಏನೂ ಕೇಳಲೇ ಇಲ್ಲ! ಬರೀ ಬಾಸ್‌ನಿಂದ ಶುರುವಾಗುವ ಹಾಡು ಅದು. ಡೆಮೊವನ್ನು ಮೊದಲ ಸಲ ಕೇಳುವವರು ಫೋನಿನಲ್ಲೇ ಒತ್ತುವುದು. ಅದಕ್ಕೆ ಆ ಹಾಡಿನ ಮೊದಲ 16 ಬಾರ್ ಕತ್ತರಿಸಿ, ಕೊಳಲಿನ ಹಾಗಿರುವ ಸಿಂಥ್ ಬರುವ ಜಾಗದಿಂದಲೇ ಮಿಕ್ಸ್ ಶುರು ಮಾಡಿದೆ.

ಕಳಿಸಿದ್ದು

ಫೈಲನ್ನು ಇಮೇಲ್‌ಗೆ ಅಂಟಿಸುವುದು ಆಗದ ಮಾತು. ಜಿಮೇಲ್ 25 ಎಂಬಿಗೇ ನಿಲ್ಲಿಸುತ್ತದೆ. ಲಿಂಕೇ ಬೇಕು. ನನ್ನ ಮೊದಲ ಡೆಮೊವನ್ನು ಒಂದು ತಾಣ ಹಕ್ಕಿನ ಕಾರಣಕ್ಕೆ ಎರಡು ದಿನ ತಡೆಹಿಡಿದಿತ್ತು. ಈ ಸಲ ಮಿಕ್ಸ್‌ಕ್ಲೌಡ್‌ಗೆ ಹಾಕಿದೆ. ಉದ್ದ ಮಿಕ್ಸ್‌ಗಳಿಗಾಗಿ ಅದು ಹಾಡಿನ ಹಕ್ಕುದಾರರ ಜೊತೆ ಒಪ್ಪಂದ ಮಾಡಿಕೊಂಡಿದೆ. ಹನ್ನೊಂದು ಹಾಡಿನ ಹೆಸರೂ ಮಾಡಿದವರ ಹೆಸರೂ ಬರೆದೆ. ಐದನೇ ಸಾಲಿನಲ್ಲಿ ಡೊಳ್ಳು ತಂಡದ ಹೆಸರು ಮತ್ತು ಊರು.

ನನ್ನ ಹೆಸರಿನ ಹಿಂದಿನ "ಡಿಜೆ" ತೆಗೆದೆ. ನಮ್ಮ ಕಡೆ ಡಿಜೆ ಅಂದರೆ ಗಣೇಶನ ಮೆರವಣಿಗೆಯ ಸ್ಪೀಕರ್ ಗಾಡಿ. ನಾನು ಡಿಜೆ ಅಂದಾಗ ದೊಡ್ಡಮ್ಮ ಕೇಳಿದ್ದು "ಎಷ್ಟು ಬಾಕ್ಸ್ ಇಟ್ಟಿದೀಯ ಮಗ?" ಅಂತ. ಬೆಂಗಳೂರಲ್ಲೂ ಎಷ್ಟೋ ಜನ ಮದುವೆ ಸೌಂಡ್‌ಗೆ ಅಂದುಕೊಂಡು ಫೋನ್ ಮಾಡುತ್ತಾರೆ. ಅದೂ ಒಳ್ಳೇ ಕೆಲಸವೇ, ಆದರೆ ನನ್ನ ಹತ್ತಿರ ಸ್ಪೀಕರ್ ಇಲ್ಲ.

ಈ ಸಲ ಹದಿನಾಲ್ಕಲ್ಲ, ನಾಲ್ಕೇ ಜಾಗ. ನಾಲ್ಕಕ್ಕೂ ನಾನೇ ಹೋಗಿ ಕೂತು ಬಂದಿದ್ದೆ. ಶುಕ್ರವಾರ, ಶನಿವಾರ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಕಳಿಸಿದೆ. ಇಂದಿರಾನಗರದ ಜಾಗಕ್ಕೆ ಬರೆದದ್ದು ಇಷ್ಟೇ:

"ನಮಸ್ಕಾರ ಮೇಡಂ. ಮೂರು ಬುಧವಾರ ನಿಮ್ಮಲ್ಲಿಗೆ ಬಂದಿದ್ದೆ. ಸಂಜೆ ಏಳರಿಂದ ಎಂಟರ ಹೊತ್ತಿಗೆ ಅಂತಲೇ ಈ 45 ನಿಮಿಷದ ಮಿಕ್ಸ್ ಮಾಡಿದ್ದೇನೆ. 108ರಿಂದ 118 ಬಿಪಿಎಂ, ಹಾಡುವ ದನಿ ಕಡಿಮೆ. ಪುರುಸೊತ್ತು ಇಲ್ಲದಿದ್ದರೆ 17ನೇ ನಿಮಿಷದಿಂದ ಎರಡು ನಿಮಿಷ ಕೇಳಿ, ಅಲ್ಲಿ ಸಾಗರದ ಕಡೆಯ ಡೊಳ್ಳು ಇದೆ. ವಾರದ ಯಾವ ದಿನ ಮೊದಲ ಹೊತ್ತು ಖಾಲಿ ಇದ್ದರೂ ಬರುತ್ತೇನೆ."

ಕೆಳಗೆ ಹೆಸರು, ಫೋನ್ ನಂಬರ್, ಒಂದೇ ಲಿಂಕ್. ಜೊತೆಗೆ ಇನ್‌ಸ್ಟಾಗ್ರಾಮ್‌ಗೆ ಒಂದು ಚಿಕ್ಕ ತುಣುಕು ಹಾಕಿದೆ. ಬೇರೆಯವರ ಹಾಡಿದ್ದರೆ ದನಿ ಮುಚ್ಚಿಹೋಗುವ ಸಾಧ್ಯತೆ ಇರುತ್ತದೆ ಅಂತ ಡೊಳ್ಳಿನ ಒಂಟಿ ಭಾಗವನ್ನೇ ಆರಿಸಿದೆ. ಕ್ಯಾಮೆರಾ ನನ್ನ ಕೈ ಮೇಲೆ ಮಾತ್ರ.

ಎಂಟು ದಿನ ಸುಮ್ಮನಿದ್ದೆ. ಒಂಬತ್ತನೇ ದಿನ ಒಂದೇ ಸಾಲಿನ ನೆನಪೋಲೆ ಕಳಿಸಿದೆ. ಎರಡು ಜಾಗದಿಂದ ಉತ್ತರವಿಲ್ಲ. ಒಂದು ಕಡೆ ಈಗ ಬೇಡ ಅಂದರು. ಇಂದಿರಾನಗರದಿಂದ ಫೋನೇ ಬಂತು.

"ಮುಂದಿನ ಬುಧವಾರ ಏಳರಿಂದ ಒಂಬತ್ತು. ನಮ್ಮಲ್ಲಿ ಕಂಟ್ರೋಲರ್ ಇಡೋಕೆ ಜಾಗ ಇಲ್ಲ, ಪ್ಲೇಯರ್‌ಗಳೇ ಇವೆ. ಪೆನ್ ಡ್ರೈವ್ ತರ್ತೀರಾ?"

"ತರ್ತೀನಿ ಮೇಡಂ."

ಕಂಟ್ರೋಲರ್ ಅಂದರೆ ಲ್ಯಾಪ್‌ಟಾಪ್‌ಗೆ ಜೋಡಿಸಿ ಮಿಕ್ಸ್ ಮಾಡುವ ಪೆಟ್ಟಿಗೆ. ಪ್ಲೇಯರ್ ಆದರೆ ಪೆನ್ ಡ್ರೈವ್‌ನಿಂದ ನೇರವಾಗಿ ಹಾಡು ಓದುತ್ತದೆ. ಅವತ್ತು ಸಂಜೆಯಿಂದ ಅದೇ ಕೆಲಸ. ಕ್ಲಬ್ಬಿನ ಹಳೇ ಪ್ಲೇಯರ್‌ಗಳು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್ ಓದುವುದಿಲ್ಲ, ಫ್ಯಾಟ್32 ಮಾದರಿ ಬೇಕು. 32 ಜಿಬಿಯ ಎರಡು ಪೆನ್ ಡ್ರೈವ್ ತಂದು ಫಾರ್ಮ್ಯಾಟ್ ಮಾಡಿದೆ. ಈ ಪ್ಲೇಯರ್‌ಗಳಿಗೆ ಹಾಡು ಸಿದ್ಧ ಮಾಡುವ ರೆಕಾರ್ಡ್‌ಬಾಕ್ಸ್ ಸಾಫ್ಟ್‌ವೇರ್‌ನಿಂದ ಎರಡಕ್ಕೂ ಒಂದೇ ಪಟ್ಟಿ ಎಕ್ಸ್‌ಪೋರ್ಟ್ ಮಾಡಿದೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಅಣ್ಣನ ಮನೆಯಲ್ಲಿ ಅಂಥದೇ ಪ್ಲೇಯರ್ ಇದೆ. ಮೂರು ಸಂಜೆ ಅಲ್ಲೇ ಅಭ್ಯಾಸ. ಎರಡು ಗಂಟೆಗೆ ಹನ್ನೊಂದು ಹಾಡು ಸಾಲದು, ಇನ್ನೂ 35 ಸೇರಿಸಿದೆ.

ಬುಧವಾರ ಆರೂಕಾಲಿಗೆ ಅಲ್ಲಿದ್ದೆ. ಮೊದಲು ಹೈ ನಾಬ್ ಸ್ವಲ್ಪ ಇಳಿಸಿದೆ. ಏಳೂ ಇಪ್ಪತ್ತಕ್ಕೆ ಡೊಳ್ಳು ಬಂದಾಗ ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬರು ಮಾತು ನಿಲ್ಲಿಸದೆಯೇ ಮೇಜಿನ ಅಂಚಿಗೆ ಬೆರಳು ಬಡಿಯಲು ಶುರು ಮಾಡಿದರು. ಎಂಟು ಬಾರ್‌ಗೆ ನಿಲ್ಲಿಸಬೇಕಿತ್ತು. ಹದಿನಾರಕ್ಕೆ ಬಿಟ್ಟೆ.